ತಿಜೋರಿಯೊಳಗಿನ ಪೆನ್‌ಡ್ರೈವ್

ಸೊಪ್ಪು ಬಿಡಿಸುತ್ತಿದ್ದ ಯಶೋದಮ್ಮನಿಗೆ ಕೋಣೆಯಲ್ಲಿ ಮಗಳ ದನಿ ನಿಂತದ್ದು ಕೇಳಿಸಿತು. ಮಾತು ತಡವರಿಸಿ ನಿಂತರೆ ಆ ಮೌನ ತಾಯಿಗೆ ಗೊತ್ತಾಗುತ್ತಿತ್ತು. ಇದು ಅದಲ್ಲ. ಹಿಂದೆಯೇ ಕುರ್ಚಿ ಸರಿದ ಸದ್ದಾಯಿತು.

"ಮತ್ತೆ ನಿಂತೋಯ್ತು ಕಣಮ್ಮ! ಅರ್ಧ ಪಾಠ ಎಷ್ಟ್ ಚೆನ್ನಾಗ್ ಆಗಿತ್ತು," ಎಂದಳು ಧನುಶ್ರೀ. ಕಣ್ಣು ತುಂಬಿತ್ತು.

ಪಾಂಡವಪುರದ ಶಾಲೆಯೊಂದರಲ್ಲಿ ಗಣಿತದ ಟೀಚರ್ ಕೆಲಸ ಖಾಲಿಯಿತ್ತು. ಅರ್ಜಿ ಹಾಕಿದವರು ಒಂದು ಪಾಠ ಮಾಡಿ, ಎಲ್ಲೂ ಕತ್ತರಿಸದೆ ವಿಡಿಯೊ ಕಳಿಸಬೇಕು. ಮುಖವೂ ಪರದೆಯ ಮೇಲಿನ ಚಿತ್ರಗಳೂ ಒಟ್ಟಿಗೆ ಕಾಣಬೇಕಾದ್ದರಿಂದ ಫೋನು ಸಾಲದು. ಇವತ್ತು ಸಂಜೆಯೇ ಕಡೆ. ಧನುಶ್ರೀಗೆ ಚಿಕ್ಕಂದಿನಿಂದ ಉಗ್ಗು. ಎದುರಿನವರು ಅವಸರ ಮಾಡಿದಷ್ಟೂ ಹೆಚ್ಚುತ್ತಿತ್ತು. ಕ್ಯಾಮೆರಾ ಅವಸರ ಮಾಡುವುದಿಲ್ಲವಲ್ಲ ಎಂದು ಧೈರ್ಯ ತಂದುಕೊಂಡಿದ್ದಳು. ಆದರೆ ನಿನ್ನೆಯಿಂದ ಪ್ರತಿ ಸಲವೂ ನಡುಪಾಠದಲ್ಲಿ ಕಂಪ್ಯೂಟರೇ ಕಲ್ಲಾಗಿ ಕೂರುತ್ತಿತ್ತು.

ಯಶೋದಮ್ಮ ನಾಗಮಂಗಲದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅಣ್ಣನ ಮಗ ರಘುನಂದನನಿಗೆ ಫೋನು ಮಾಡಿದಳು.

"ಅತ್ತೆ, ಟಾಸ್ಕ್ ಮ್ಯಾನೇಜರ್ ತಗದು ಮೆಮೊರಿ ನೋಡ್ತಾ ಇರಿ, ಅದು ತುಂಬೋದ್ರೆ ಕಂಪ್ಯೂಟ್ರು ನಿಂತೋಯ್ತದೆ. ಓಡ್ತಿರೋ ಪ್ರೋಗ್ರಾಮ್‌ಗಳ್ನ ಒಂದೊಂದಾಗಿ ನಿಲ್ಸಿ ನೋಡಿ. ಎಲ್ಲಾ ಒಟ್ಗೆ ಕಿತ್ಬುಟ್ರೆ ಯಾವ್ದು ಕಳ್ಳ ಅಂತ ಗೊತ್ತಾಗಲ್ಲ."

ಸೊಪ್ಪಿನ ಮೊರವನ್ನು ಮಡಿಲಿಗಿಟ್ಟುಕೊಂಡು ಯಶೋದಮ್ಮ ಮಗಳ ಪಕ್ಕ ಕುಳಿತಳು. ಬ್ರೌಸರ್ ಮುಚ್ಚಿದರು, ಮೆಮೊರಿಯ ಅಂಕಿ ಸ್ವಲ್ಪ ಇಳಿದು ಮತ್ತೆ ಏರಿತು. ಚಿತ್ರದ ಗುಣಮಟ್ಟ ತಗ್ಗಿಸಿದರು. ನಿಧಾನವಾಗಿ ಏರಿತು, ಏರುವುದು ಮಾತ್ರ ತಪ್ಪಲಿಲ್ಲ. ರೆಕಾರ್ಡಿಂಗ್ ನಿಲ್ಲಿಸಿದ ಮೇಲೂ ಕಂಪ್ಯೂಟರಿಗೆ ಸಿಕ್ಕಿಸಿದ್ದ ಪೆನ್‌ಡ್ರೈವಿನ ಪುಟ್ಟ ದೀಪ ಬಹಳ ಹೊತ್ತು ಮಿಣುಕುತ್ತಲೇ ಇತ್ತು.

ಆ ಪೆನ್‌ಡ್ರೈವು ಧನುಶ್ರೀಯ ಅಪ್ಪ ಚಂದ್ರಶೇಖರಾಚಾರಿಯ ಏರ್ಪಾಡು. ಚಿನ್ನದ ಕೆಲಸದವರ ಮನೆ. ಆಚೆ ಹೊರಡುವ ಮುಂಚೆ ಕೆಲಸದ ಮಣೆಯ ಮೇಲೆ ಅರದಿಂದ ಉದುರಿದ ಚಿನ್ನದ ಪುಡಿಯನ್ನೂ ಬಿಡದೆ ಗುಡಿಸಿ ತಿಜೋರಿಗೆ ಸೇರಿಸುವುದು ತಾತನ ಕಾಲದ ಪದ್ಧತಿ. ಮಗಳ ಪಾಠವೂ ಹಾಗೇ ಭದ್ರವಾಗಿರಲಿ, ನೇರ ಇದರೊಳಗೇ ಇಳಿಯಲಿ ಎಂದು ತಮ್ಮ ಹಳೆಯ ಪೆನ್‌ಡ್ರೈವನ್ನು ಕೊಟ್ಟಿದ್ದರು.

ಅಮ್ಮ ಮಗಳಿಬ್ಬರೂ ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಆಚಾರಿ ಕೆ.ಆರ್. ಪೇಟೆಗೆ ತಾಳಿ ಕೊಡಲು ಹೊರಟಾಗಿತ್ತು. ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಲ್ಲ. ಯಶೋದಮ್ಮ ಗಂಡನಿಗೆ ಫೋನು ಮಾಡಿದಳು.

"ರೀ, ಅದುನ್ನ ಎಲ್ ಮಡಗಿದ್ರಿ?"

"ತಿಜೋರೀಲಿ ಕಣಮ್ಮಿ. ಅಂಗೇ ಬುಟ್ಬುಟ್ಟು ಬರಕ್ಕಾಯ್ತದಾ?" ಫೋನಿನಲ್ಲಿ ಬಸ್ಸಿನ ಸದ್ದು.

"ಬೀಗದಕೈ?"

"ಉಡುದಾರದಲ್ಲೈತೆ. ಅಯ್ಯೋ, ತಪ್ಪಾಯ್ತಾ?" ಎಂದರು.

ಧನುಶ್ರೀ ಮೇಜಿನ ಮೇಲೆ ತಲೆಯಿಟ್ಟಳು. "ಬು... ಬುಡಮ್ಮ. ಈ ಕೆಲ್ಸ ನನಗಲ್ಲ."

ಯಶೋದಮ್ಮ ಅವಳ ಬೆನ್ನು ಸವರಿದಳು. "ಕಂಪ್ಯೂಟ್ರಲ್ಲೇ ಮಡಗೋಣ, ಏನಾಯ್ತದೆ?"

"ಮೊದ್ಲೇ ಉಸಿರು ಕಟ್ತೈತೆ ಅದುಕ್ಕೆ. ಇನ್ನೂ ತುಂಬುದ್ರೆ ಸತ್ತೇ ಓಯ್ತದೆ."

"ಓದ್ರೆ ಓಗ್ಲಿ. ನೀನು ಪಾಠ ಮಾಡ್ಬ್ಯಾಡ. ಸುಮ್ನೆ ಇಬ್ರೂ ಕೂತ್ಕಂಡು ನೋಡೋಣ."

ರೆಕಾರ್ಡಿಂಗ್ ಶುರು ಮಾಡಿ ತಾಯಿ ಮಗಳು ಕ್ಯಾಮೆರಾದ ಮುಂದೆ ಕುಳಿತು ಬಟ್ಟೆ ಮಡಚಿದರು. ಮೆಮೊರಿಯ ಅಂಕಿ ಶೇಕಡಾ ನಲವತ್ತರ ಆಸುಪಾಸಿನಲ್ಲಿತ್ತು. ರವಿಕೆಗಳು ಮುಗಿದವು, ಆಚಾರಿಯ ಪಂಚೆಗಳು ಮುಗಿದವು, ಅಂಕಿ ಅಲ್ಲೇ ಇತ್ತು. ಮಡಚಲು ಬಟ್ಟೆ ಉಳಿಯದಿದ್ದಾಗ ಧನುಶ್ರೀ ಒಂದು ಟವೆಲನ್ನು ಬಿಡಿಸಿ ಮತ್ತೆ ಮಡಚಿದಳು. ಆಗಲೂ ಅಂಕಿ ಕದಲಲಿಲ್ಲ.

"ಅಮ್ಮ, ಏರ್ತಾ ಇಲ್ಲ!"

ಸುದ್ದಿ ಕೇಳಿ ಫೋನಿನಲ್ಲಿ ರಘುನಂದನ ಗಟ್ಟಿಯಾಗಿ ನಕ್ಕ. "ಆ ಹಳೇ ಪೆನ್‌ಡ್ರೈವ್ ಬರ್ಕೊಳ್ಳೋದು ಭಾರೀ ನಿಧಾನ ಅತ್ತೆ. ಕಂಪ್ಯೂಟ್ರು ಕೊಡ್ತಾನೇ ಐತೆ, ಅದು ಈಸ್ಕೊಳ್ದೆ ಉಳಿದದ್ದೆಲ್ಲಾ ಮೆಮೊರೀಲಿ ಗುಡ್ಡೆ ಬೀಳ್ತಿತ್ತು. ಮಾವನ ತಿಜೋರಿಗೆ ಒಂದ್ ನಮಸ್ಕಾರ ಆಕಿ!"

ಯಶೋದಮ್ಮನಿಗೆ ಅರ್ಥವಾಯಿತು. ಎಳವೆಯಲ್ಲಿ ಧನುಶ್ರೀ ಹಾಗೆಯೇ, ನುಂಗದ ಅನ್ನವನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು. ಮೇಲೆ ಮೇಲೆ ತುತ್ತಿಟ್ಟರೆ ಎಲ್ಲವೂ ಆಚೆ ಬರುತ್ತಿತ್ತು.

ಅಡುಗೆಮನೆಗೆ ಹೋಗಿ ಒಲೆ ಆರಿಸಿ ಬಂದಳು, ಕುಕ್ಕರ್ ಕೂಗಬಾರದಲ್ಲ. ಕ್ಯಾಮೆರಾಕ್ಕೆ ಕಾಣದ ಹಾಗೆ ಮೇಜಿನ ಪಕ್ಕ ನೆಲದ ಮೇಲೆ ಕುಳಿತಳು. ಧನುಶ್ರೀ ಶುರು ಮಾಡಿದಳು. ಒಂದು ರೊಟ್ಟಿ, ಇಬ್ಬರು ಮಕ್ಕಳು, ಅರ್ಧ ಎಂದರೇನು. ಪಾಠ ಸಲೀಸಾಗಿ ಸಾಗಿತು. ಹಿಂದೆಲ್ಲಾ ಕಂಪ್ಯೂಟರು ನಿಂತುಹೋಗುತ್ತಿದ್ದ ಜಾಗ ದಾಟಿತು.

"ಈಗ ಇದನ್ನ ನಾಲ್ಕು ಭ... ಭ..."

ಯಶೋದಮ್ಮ ಕತ್ತೆತ್ತಲಿಲ್ಲ. ಮಗಳ ಮಾತನ್ನು ತಾನು ಮುಗಿಸಿಕೊಡಬಾರದೆಂದು ಕಲಿಯಲು ಅವಳಿಗೆ ವರ್ಷಗಳೇ ಹಿಡಿದಿದ್ದವು. ಕೈಯಲ್ಲಿದ್ದ ಸೆರಗಿನ ತುದಿಯನ್ನು ಹಿಡಿದುಕೊಂಡು ಕಾದಳು.

"...ಭಾಗ ಮಾಡೋಣ," ಎಂದಳು ಧನುಶ್ರೀ, ಮತ್ತೆ ಮುಂದಕ್ಕೆ ಹೋದಳು.

ಪಾಠ ಮುಗಿಯಿತು. ವಿಡಿಯೊ ಕಡತ ತೆರೆಯಿತು, ಮೊದಲಿನಿಂದ ಕೊನೆಯವರೆಗೂ ಇತ್ತು. ಧನುಶ್ರೀ ತಾನು ತಡವರಿಸಿದ ಜಾಗವನ್ನು ಮತ್ತೊಮ್ಮೆ ಹಾಕಿ ನೋಡಿದಳು.

"ಹೊತ್ತೈತೆ. ಬೇಕಾದ್ರೆ ಇನ್ನೊಂದ್ಸಲ ಮಾಡವ್ವ," ಎಂದಳು ತಾಯಿ, ಮೆಲ್ಲಗೆ.

"ಬ್ಯಾಡಮ್ಮ. ನಾಳೆ ಮಕ್ಳ ಮುಂದೂ ನಾನು ಇಂಗೇ ತಾನೇ ಮಾತಾಡೋದು? ಈಗ್ಲೇ ನೋಡ್ಲಿ ಬುಡು."

ಕಳಿಸುವ ಗುಂಡಿ ಒತ್ತಿ ಕುರ್ಚಿಗೆ ಒರಗಿ ಕೈಕಾಲು ಚಾಚಿದಳು. "ಊಟಕ್ಕಿಕ್ಕಮ್ಮ. ಒಟ್ಟೆ ಪೂರಾ ಖಾಲಿ."

ನಿನ್ನೆಯಿಂದ ಸರಿಯಾಗಿ ತಿಂದಿರದ ಹುಡುಗಿ. ಯಶೋದಮ್ಮ ಎದ್ದು ಒಲೆ ಹಚ್ಚಿದಳು. ಕುಕ್ಕರು ಮನೆ ತುಂಬಾ ಕೂಗಿಕೊಂಡಿತು.