ಕಂಠಮಟ್ಟ ತುಂಬಿದ ತೋಟಾ

ಕೊಲ್ಲಿ ಯುದ್ಧದಲ್ಲಿ ಸೋತ ಇರಾಕಿ ಸೈನಿಕರು ಓಡಿಹೋಗಿ ಏಳು ತಿಂಗಳಾಗಿದ್ದರೂ ಮಂಗಫ್ ಕಡಲತೀರದ ಮರಳಿನಲ್ಲಿ ಅವರ ತೋಟಾಗಳು ಇನ್ನೂ ಬಿದ್ದಿದ್ದವು. ಕಣ್ಣಿದ್ದವರು ಸುತ್ತು ಹಾಕಿ ನಡೆಯುತ್ತಿದ್ದರು. ಸೇಸಪ್ಪ ಮಾತ್ರ ಪುನರ್ಪುಳಿ ಹಣ್ಣು ಆರಿಸಿದ ಹಾಗೆ ಆರಿಸಿ, ಎರಡೂ ಜೇಬು ತುಂಬಿಸಿಕೊಂಡು ಮನೆಗೆ ಬಂದ.

ಅವನದು ಸಲ್ವಾ ಬಡಾವಣೆಯ ಒಬ್ಬ ಮುದಿ ಕಫೀಲನ, ಅಂದರೆ ವೀಸಾ ಕೊಟ್ಟ ಅರಬ್ ಯಜಮಾನನ, ಕಾರು ಓಡಿಸುವ ಕೆಲಸ. ಕಫೀಲನ ಹತ್ತಿರ ಅಮೆರಿಕದ ಒಂದು ಬೇಟೆ ರೈಫಲ್ ಇತ್ತು. ಕಿರುಬೆರಳು ತೂರುವಷ್ಟು ಅಗಲದ ನಳಿಗೆ. ಕೆಳಗಿನ ಹಿಡಿಯನ್ನು ತಳ್ಳಿ ಎಳೆದರೆ ಹೊಸ ತೋಟಾ ಏರುವಂಥದ್ದು. ಯುದ್ಧದ ಉದ್ದಕ್ಕೂ ನೀರಿನ ಟ್ಯಾಂಕಿಯ ಹಿಂದೆ ಅಡಗಿ ಅದು ಬದುಕಿತ್ತು. ತೋಟಾ ಕೊಳ್ಳೋಣವೆಂದರೆ ಅಂಗಡಿ ಲೂಟಿಯಾಗಿ ಬಾಗಿಲು ಹಾಕಿತ್ತು. ಹಳೆಯ ಹಿತ್ತಾಳೆ ಚಿಪ್ಪುಗಳಿದ್ದವು, ಕಿಡಿ ಹೊತ್ತಿಸುವ ಕೇಪು ಇತ್ತು, ಸೀಸದ ಗುಂಡೂ ಇತ್ತು. ಮದ್ದು ಇರಲಿಲ್ಲ.

"ಮದ್ದಿನ ಚಿಂತೆ ನನಗಿರಲಿ ಬಾಬಾ" ಎಂದು ಸೇಸಪ್ಪ ಎದೆ ತಟ್ಟಿಕೊಂಡಿದ್ದ. ಊರಲ್ಲಿ ಧಣಿಗಳ ಕೋವಿಗೆ ಹತ್ತು ವರ್ಷ ಕರಿಮದ್ದು ತುಂಬಿದ ಕೈ ಅವನದು. ಶುಕ್ರವಾರ ಮರುಭೂಮಿಯಲ್ಲಿ ಮೊದಲ ಈಡನ್ನು ತಾನೇ ಹೊಡೆದು ತೋರಿಸುವುದಾಗಿ ಮಾತನ್ನೂ ಕೊಟ್ಟುಬಿಟ್ಟಿದ್ದ.

ಗುರುವಾರ ಬೆಳಿಗ್ಗೆ ಮಂಚದ ಮೇಲೆ ಕುಳಿತು ಇಕ್ಕಳದಿಂದ ಸೈನಿಕರ ತೋಟಾ ಬಿಚ್ಚತೊಡಗಿದ. ಹೆಂಡತಿ ಸುಗಂಧಿ ಬಾಗಿಲಲ್ಲೇ ನಿಂತಳು.

"ಇವರೇ, ನಿಮಗೆ ಮರ್ಲಾ? ಯುದ್ಧದಲ್ಲಿ ಬಾಂಬಿಗೆ ಹೆದರಿ ಮೆಟ್ಟಿಲ ಕೆಳಗೆ ಮಲಗಿದ್ದು ಯಾರು?"

"ಅದು ಬೇರೆಯವರ ಬಾಂಬು ಮಾರಾಯ್ತಿ. ಇದು ನನ್ನ ಕೈಕೆಲಸ."

ಅಷ್ಟರಲ್ಲಿ ಊರಿಂದ ಮರಳಿದ್ದ ಗೆಳೆಯ ಕಾಸಿಂ ಕುಂಞಿ, ಸುಗಂಧಿ ಹೇಳಿ ಕಳಿಸಿದ್ದ ಮೆಣಸಿನ ಪೊಟ್ಟಣಗಳನ್ನು ಹಿಡಿದು ಬಂದ. ಪೇಟೆಬೀದಿ ಸೂಕಿನ ಬೇಟೆ ಸಾಮಾನಿನ ಅಂಗಡಿಯಲ್ಲಿ ಹನ್ನೆರಡು ವರ್ಷ ದುಡಿದವನು ಅವನು. ಮಂಚ ನೋಡಿದವನೇ ಬಾಯಲ್ಲಿದ್ದ ಸಿಗರೇಟನ್ನು ಹೊರಗೆ ಹೋಗಿ ಆರಿಸಿ ಬಂದ.

"ಸೇಸಪ್ಪಣ್ಣ, ಮೊದಲು ಇಕ್ಕಳ ಕೆಳಗಿಡಿ. ಎಷ್ಟು ತುಂಬ್ತೀರಿ?"

"ಕಂಠಮಟ್ಟ. ಧಣಿಗಳಿಗೆ ಹಾಗೇ ತುಂಬ್ತಿದ್ದದ್ದು."

"ಅದು ಕರಿಮದ್ದು. ಅದಕ್ಕೆ ಕಂಠಮಟ್ಟ ಸರಿ. ಇದು ಹೊಗೆಯಿಲ್ಲದ ಮದ್ದು, ಬೇರೆ ಕೋವಿಗೆ ಮಾಡಿದ್ದು. ಅಷ್ಟೇ ತುಂಬಿದ್ರೆ ಕೋವಿಯೇ ನಿಮ್ಮ ಕೆನ್ನೆ ಹತ್ರ ಬಿಚ್ಚಿಕೊಳ್ತದೆ."

"ಹೋಗಾ! ಮದ್ದು ಅಂದ್ರೆ ಮದ್ದು. ಅಂಗಡಿಯಲ್ಲಿ ಧೂಳು ಒರೆಸಿದವ ನನಗೆ ಕಲಿಸ್ಲಿಕ್ಕೆ ಬಂದ!"

ಸುಗಂಧಿ ಇಬ್ಬರನ್ನೂ ಹೊರಗೆ ಅಟ್ಟಿ, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಅಡುಗೆಮನೆಗೆ ಹೋದಳು.

ಮಧ್ಯಾಹ್ನ ಊಟಕ್ಕೆ ಕೋಳಿ ಗಸಿ. ಗಂಡನಿಗೆ ಬೇರೆಯೇ ಒಂದು ಸಣ್ಣ ಪಾತ್ರೆಯಿಂದ ಬಡಿಸಿದಳು. ಹೆಂಡತಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡು ಸೇಸಪ್ಪ ದೊಡ್ಡ ತುತ್ತೊಂದನ್ನು ಬಾಯಿಗಿಟ್ಟ.

ಮೊದಲು ಕಿವಿ ಕೆಂಪಾಯಿತು. ಆಮೇಲೆ ಮೂಗು. ಅವನು ಎದ್ದ, ಕುಳಿತ, ಮತ್ತೆ ಎದ್ದು ನಲ್ಲಿಯತ್ತ ಓಡಿದ. ನೀರಿಲ್ಲದ ನಲ್ಲಿ ಗೊರ್ ಎಂದು ಗಾಳಿ ಬಿಟ್ಟಿತು. ಕಾಸಿಮನ ಮುಂದಿದ್ದ ಮಜ್ಜಿಗೆ, ಸುಗಂಧಿಯ ಮಜ್ಜಿಗೆ, ಕೊನೆಗೆ ಚೊಂಬಿನಲ್ಲಿದ್ದದ್ದೂ ಖಾಲಿಯಾಯಿತು.

"ಎಂ...ಎಂತ ಹಾಕಿದ್ದಿ?"

"ಮೆಣಸು. ದಿನಾ ಹಾಕುವಷ್ಟೇ, ಅದೇ ಚಮಚ, ಕಂಠಮಟ್ಟ" ಎಂದಳು ಸುಗಂಧಿ. "ಬ್ಯಾಡಗಿ ಬದಲು ಗಾಂಧಾರಿ, ಅಷ್ಟೇ. ಮೆಣಸು ಅಂದ್ರೆ ಮೆಣಸಲ್ವಾ?"

ಕಾಸಿಂ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ಸೇಸಪ್ಪ ಕಣ್ಣೀರು ಒರೆಸಿಕೊಳ್ಳುತ್ತ ಬೀಗ ಹಾಕಿದ ಬಾಗಿಲನ್ನೇ ನೋಡಿದ. ನಾಲಿಗೆ ಸಂಜೆಯೊಳಗೆ ಸರಿಯಾದೀತು. ಕೆನ್ನೆ? ಕಣ್ಣು? ಸ್ಟೇರಿಂಗ್ ಹಿಡಿಯುವ ಬೆರಳು?

"ಈಗ ಎಂತ ಮಾಡುವುದು ಕಾಸಿಂ?" ಸ್ವರ ಇಲಿಯದಾಗಿತ್ತು.

"ಇನ್ನು ನೀವು ಮುಟ್ಟುವುದೇ ಬೇಡ. ಕಫೀಲರಿಗೆ ಹೇಳಿ, ಅವರು ಪೊಲೀಸರನ್ನು ಕರೆಸಲಿ. ಅಂಗಡಿ ತೆರೆದ ಮೇಲೆ ಅವರ ಲೈಸೆನ್ಸಿಗೆ, ಆ ಕೋವಿಯ ಹೆಸರು ಬರೆದ ಪೆಟ್ಟಿಗೆಯದ್ದೇ ಹೊಸ ತೋಟಾ ತರಲಿ. ಕೈಯಲ್ಲಿ ತುಂಬುವವರೂ ಇದ್ದಾರೆ. ಆದ್ರೆ ಅವರಿಗೆ ತೂಕದ ತಕ್ಕಡಿ ಉಂಟು, ಅಳತೆಯ ಪುಸ್ತಕ ಉಂಟು, ಮದ್ದಿನ ಡಬ್ಬಿಗೆ ಹೆಸರುಂಟು. ನಿಮ್ಮಲ್ಲಿ ಎಂತ ಉಂಟು?"

"ಚಮಚ" ಎಂದಳು ಸುಗಂಧಿ.

ಸಂಜೆ ಪೊಲೀಸರ ಜೊತೆ ಬಂದ ಕಫೀಲ ಮೆಟ್ಟಿಲಲ್ಲೇ ನಿಂತು, ಸೇಸಪ್ಪನ ಊದಿದ ತುಟಿ, ಕೆಂಡದಂಥ ಕಣ್ಣು ನೋಡಿ ಬೆಚ್ಚಿದ. "ಯಾ ಸೇಸಪ್ಪ! ನಾನಿಲ್ಲದೆ ಈಡು ಹೊಡೆದೆಯಾ?"

"ಇಲ್ಲ ಬಾಬಾ. ಹೊಡೆದದ್ದು ನನ್ನ ಹೆಂಡತಿ. ಒಂದೇ ಈಡಿಗೆ ನಾನು ಖಲಾಸ್."

ಓದುವ ಅಣ್ಣಂದಿರೇ, ನಗು ಬಂತಲ್ಲ? ನಕ್ಕು ಮುಗಿಸಿ, ಈಗ ಕಿವಿಗೊಡಿ. ಯುದ್ಧದಲ್ಲಿ ಉಳಿಸಿಕೊಂಡ ಜೀವವನ್ನು ಯಾರೋ ಬಿಸಾಡಿ ಹೋದ ಕಸಕ್ಕೆ ಕೊಡುತ್ತೀರಾ? ನೆಲದಲ್ಲಿ ಬಿದ್ದ ತೋಟಾ ಹೆಕ್ಕಬೇಡಿ, ಬಿಚ್ಚಬೇಡಿ, ಮಕ್ಕಳಿಗೆ ಆಟಕ್ಕೆ ಕೊಡಬೇಡಿ. ಎಲ್ಲಿದೆಯೆಂದು ಗುರುತಿಟ್ಟು ಪೊಲೀಸರಿಗೆ ತಿಳಿಸಿ. ಹೆಸರು ಗೊತ್ತಿಲ್ಲದ ಮದ್ದನ್ನು ಯಾವ ಕೋವಿಗೂ ತುಂಬಬೇಡಿ. "ನಾನು ಹತ್ತು ವರ್ಷ ತುಂಬಿದವ" ಎಂದು ಹೇಳಲೇಬೇಡಿ, ಕೇಳಿ ಕೇಳಿ ಸಾಕಾಗಿದೆ. ಅಷ್ಟು ಧೈರ್ಯವಿದ್ದರೆ ಸುಗಂಧಕ್ಕನ ಮನೆಗೆ ಊಟಕ್ಕೆ ಬನ್ನಿ. ಗಾಂಧಾರಿ ಇನ್ನೂ ಅರ್ಧ ಪೊಟ್ಟಣ ಉಳಿದಿದೆ.