ದಿನಕ್ಕೊಂದು ಬಿಟ್ಟ ಪದ

ಅರವತ್ತೊಂದು ಪದಗಳ ಪಟ್ಟಿಯನ್ನು ಉಪಸಂಪಾದಕಿ ಸಂಪಾದಕರ ಮೇಜಿನ ಮೇಲೆ ಇಟ್ಟಾಗ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ. ಅದೇ ಅವಳ ಮೈ ಉರಿಸಿತು. ಎರಡು ತಿಂಗಳು ಊಟದ ಬಿಡುವನ್ನೆಲ್ಲ ಸುರಿದು ಮಾಡಿದ ಪಟ್ಟಿ. ಆ ಮನುಷ್ಯ ಒಂದು ಸಲವಾದರೂ ಬೆಚ್ಚಿಬೀಳಬೇಕಿತ್ತು.

ಪತ್ರಿಕೆಯ ಕೊನೆಯ ಪುಟದಲ್ಲಿ ಒಂದು ಮೂಲೆ ಹನ್ನೊಂದು ವರ್ಷದಿಂದ ಮೇಷ್ಟ್ರದು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೆ ಹಿಡಿದ ಕೆಲಸ. ದಿನಾ ಏಳು ಇಂಗ್ಲಿಷ್ ಅಕ್ಷರ ಕೊಡುವುದು, ಅವುಗಳಿಂದ ಎಷ್ಟು ಪದ ಹುಟ್ಟುತ್ತವೋ ಓದುಗರು ಹುಡುಕುವುದು, ಮಾರನೆಯ ದಿನ ಉತ್ತರ. ದಪ್ಪ ನಿಘಂಟನ್ನು ಎದುರಿಗಿಟ್ಟುಕೊಂಡು, ನೋಟುಬುಕ್ಕನ್ನು ಮೊಣಕೈಯಿಂದ ಮರೆಮಾಡಿಕೊಂಡು, ಅವರು ಹಸಿರು ಶಾಯಿಯಲ್ಲಿ ಬರೆಯುತ್ತಿದ್ದರು. ಪಕ್ಕದವರು ಕಾಪಿ ಹೊಡೆದಾರು ಎಂಬ ಭಯ! ಪಕ್ಕದವಳೆಂದರೆ ಇವಳೇ. ಇಬ್ಬರಿಗೂ ಒಂದೇ ಮೇಜು, ಒಂದೇ ಫ್ಯಾನು. ಅವರಿಗೆ ಗಾಳಿ ಆಗದು, ಇವಳಿಗೆ ಸೆಕೆ ಆಗದು. ಒಬ್ಬರು ಹಾಕುವುದು, ಇನ್ನೊಬ್ಬರು ಎದ್ದು ಆರಿಸುವುದು. ದಿನಕ್ಕೆ ಹತ್ತು ಸಲ, ಬಾಯಿಬಿಚ್ಚದೆ.

ಮೂರು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದ ಮೊದಲ ವಾರವೇ ಈ ಹಗೆ ಹೊತ್ತಿಕೊಂಡಿತ್ತು. ಅವಳು ಸಿದ್ಧಪಡಿಸಿದ ಪುಟವನ್ನು ಯಾರೂ ಕೇಳದೆಯೇ ಮೇಷ್ಟ್ರು ತಿದ್ದಿ, ಕೆಳಗೆ ಗೆರೆ ಎಳೆದು, 'ಹತ್ತಕ್ಕೆ ನಾಲ್ಕು' ಎಂದು ಬರೆದು ನೋಟಿಸ್ ಬೋರ್ಡಿಗೆ ಚುಚ್ಚಿದ್ದರು. ಕಚೇರಿಗೆ ಕಚೇರಿಯೇ ನಕ್ಕಿತು. ಆ ನಗುವನ್ನು ಅವಳು ಮರೆತಿರಲಿಲ್ಲ. ಕಂಪ್ಯೂಟರಿನಲ್ಲಿ ಏಳು ಅಕ್ಷರ ಒತ್ತಿದರೆ ಕಣ್ಣುಮಿಟುಕಿಸುವುದರೊಳಗೆ ಪದಗಳನ್ನೆಲ್ಲ ಉದುರಿಸುವ ವ್ಯವಸ್ಥೆಯೊಂದು ಸಿಕ್ಕಿದ್ದೇ ತಡ, ಮೇಷ್ಟ್ರ ಉತ್ತರಗಳನ್ನು ಅದಕ್ಕೆ ಹಾಕಿ ತಾಳೆ ನೋಡಿದಳು. ಪ್ರತಿದಿನದ ಉತ್ತರದಲ್ಲೂ ಒಂದೊಂದು ಪದ ಬಿಟ್ಟುಹೋಗಿತ್ತು. ಅಪರೂಪದ್ದೇನಲ್ಲ, 'ಬ್ರೆಡ್', 'ಮಿಲ್ಕ್', 'ರೀಡ್'ನಂಥವು.

"ಇಷ್ಟು ಸುಲಭದ ಪದ ಕಾಣದವರು ಈ ಕೆಲಸಕ್ಕೆ ಲಾಯಕ್ಕಲ್ಲ ಸರ್. ಪತ್ರಿಕೆಯ ಮರ್ಯಾದೆ ಹೋಗ್ತಿದೆ," ಎಂದಳು. ಮನೆಯಲ್ಲಿ ನಾಲ್ಕು ಸಲ ಹೇಳಿ ನೋಡಿಕೊಂಡು ಬಂದ ಮಾತು.

ಸಂಪಾದಕರು ಆ ಮೂಲೆಯನ್ನು ಒಂದು ದಿನವೂ ಓದಿದವರಲ್ಲ. ಏನು ಮೇಷ್ಟ್ರೇ ಇದು ಎಂದು ಕೇಳಿದರು.

"ಹೌದು, ದಿನಕ್ಕೊಂದು ಬಿಟ್ಟಿದೆ," ಎಂದರು ಮೇಷ್ಟ್ರು. ಆಮೇಲೆ ಕನ್ನಡಕ ಹಾಕಿಕೊಂಡು ಅವಳ ಕಡೆ ತಿರುಗಿದರು. "ಮೂರು ವರ್ಷ ಪಕ್ಕದಲ್ಲೇ ಕೂತಿದ್ರಲ್ಲಮ್ಮ. ನನ್ನನ್ನೇ ಒಂದು ಮಾತು ಕೇಳಬಹುದಿತ್ತು."

 ನಿಘಂಟನ್ನು ಕಂಕುಳಲ್ಲಿ ಇರುಕಿಕೊಂಡು ಅಂದೇ ಕೆಲಸ ಬಿಟ್ಟು ಹೋದರು. ಮೂಲೆ ಅವಳದಾಯಿತು. ಫ್ಯಾನೂ ಅವಳದಾಯಿತು.

ಇವಳ ಉತ್ತರಗಳಲ್ಲಿ ಒಂದು ಪದವೂ ತಪ್ಪುತ್ತಿರಲಿಲ್ಲ. ಯಾರೂ ಕೇಳದ, ಕೇಳಿದರೂ ನಂಬದ ಪದಗಳೂ ಸಾಲಾಗಿ ಬರುತ್ತಿದ್ದವು. ಆದರೆ ಟಪಾಲಿನವನು ಹಿಂದೆಲ್ಲ ದಾರ ಕಟ್ಟಿದ ಓದುಗರ ಕಾರ್ಡುಗಳ ಕಂತೆಯನ್ನು ಮೇಜಿನ ಮೇಲೆ ದೊಪ್ಪನೆ ಹಾಕುತ್ತಿದ್ದವನು, ಮೊದಲ ವಾರ ಎಂಟು ಕಾರ್ಡು ತಂದ, ಎರಡನೆಯ ವಾರ ಮೂರು, ಆಮೇಲೆ ಬರಿಗೈ ಬೀಸಿಕೊಂಡು ಬಂದ. ಮುದುಕನೇ ಓದುಗರ ತಲೆ ಕೆಡಿಸಿರಬೇಕು ಎಂದುಕೊಂಡಳು. ಸಂಪಾದಕರು ಕರೆದು, ಓದುಗರೇ ಇಲ್ಲದ ಮೇಲೆ ಮೂಲೆ ಏತಕ್ಕೆ, ತಿಂಗಳ ಕೊನೆಯವರೆಗೆ ನೋಡಿ ತೆಗೆದುಬಿಡುತ್ತೇನೆ ಎಂದರು.  ಹನ್ನೊಂದು ವರ್ಷ ಅವರು ಉಳಿಸಿಕೊಂಡದ್ದು ತನ್ನ ಕೈಯಲ್ಲಿ ಮೂರು ತಿಂಗಳೂ ಬಾಳಲಿಲ್ಲವೆಂದರೆ, ನೋಟಿಸ್ ಬೋರ್ಡು ಮತ್ತೆ ನಗುತ್ತದೆ.

ಮೇಷ್ಟ್ರ ಡ್ರಾಯರನ್ನು ಅವಳು ಅಂದು ತೆರೆದಳು. ನೋಟುಬುಕ್ಕುಗಳು ತುಂಬಿದ್ದವು. ಪ್ರತಿ ಪುಟದಲ್ಲಿ ಪದಗಳ ಸಾಲು, ಒಂದು ಪದದ ಸುತ್ತ ಹಸಿರು ಸೊನ್ನೆ, ಪಕ್ಕದಲ್ಲಿ 'ಇವತ್ತು ಬಿಡುವುದು'. ಕೆಳಗೆ ಓದುಗರ ಕಾರ್ಡುಗಳ ಕಂತೆ. ಕಾರ್ಖಾನೆಯ ಕಾವಲುಗಾರ, ಎರಡು ವರ್ಷದಿಂದ ಹಾಸಿಗೆ ಹಿಡಿದ ಹೆಂಗಸು, ಹತ್ತು ವರ್ಷದ ಹುಡುಗಿ: ಎಲ್ಲರೂ ಒಂದೇ ಸಂಭ್ರಮದಲ್ಲಿ, ಮೇಷ್ಟ್ರೇ ನೀವು 'ಮಿಲ್ಕ್' ಮರೆತಿದ್ದೀರಿ, ಸಿಕ್ಕಿಬಿದ್ದಿರಿ ಎಂದು ಬರೆದವರೇ. ಪ್ರತಿ ಕಾರ್ಡಿಗೂ ಮೇಷ್ಟ್ರು ಜವಾಬು ಕಳಿಸಿ ನಕಲು ಇಟ್ಟಿದ್ದರು. ಎಲ್ಲದರಲ್ಲೂ ಒಂದೇ ಮಾತು: 'ತಪ್ಪಾಯಿತು. ನೀವು ಹೇಳಿದ್ದೇ ಸರಿ.'

ಅವಳಿಗೆ ಪಶ್ಚಾತ್ತಾಪವೇನೂ ಉಕ್ಕಿಬರಲಿಲ್ಲ, ಸಿಟ್ಟು ಬಂತು. ಆವತ್ತು ಬಾಯಿಬಿಟ್ಟು ಹೇಳಿದ್ದರೆ ಗಂಟೇನು ಹೋಗುತ್ತಿತ್ತು ಈ ಮುದುಕನದು? ಡ್ರಾಯರನ್ನು ಮಂಡಿಯಿಂದ ತಳ್ಳಿ ಮುಚ್ಚಿದಳು. ಕೈಬೆರಳು ಸಿಕ್ಕಿಕೊಂಡು ಕೆಂಪಾಯಿತು.

ಮಾರನೆಯ ದಿನ ಡಬ್ಲ್ಯೂ, ಎ, ಟಿ, ಇ, ಆರ್, ಎಲ್, ಎಸ್ ಕೊಟ್ಟಳು. ಉತ್ತರ ಅಚ್ಚಿಗೆ ಹೋಗುವ ಮೊದಲು ಅತ್ತಿತ್ತ ನೋಡಿ, ಕಂಪ್ಯೂಟರು ಕೊಟ್ಟ ಸಾಲಿನಿಂದ 'ವಾಟರ್' ತೆಗೆದುಹಾಕಿದಳು. ಕಳ್ಳತನ ಮಾಡಿದವಳಂತೆ ಬೆವರಿದಳು.

ಉತ್ತರ ಅಚ್ಚಾದ ಮೂರನೆಯ ದಿನ ಟಪಾಲಿನವನು ಬಂದ. ಒಂದೇ ಒಂದು ಕಾರ್ಡು. ಬಾಗಿಲಿಂದ ಅವಳ ಮೇಜಿಗೆ ಬರುವಷ್ಟರಲ್ಲಿ ಅದನ್ನು ಅರ್ಧ ಕಚೇರಿಗೆ ಓದಿ ಹೇಳಿಯೇ ಬಂದಿದ್ದನೆಂದು ಎಲ್ಲರ ತಲೆ ಅವಳ ಕಡೆ ತಿರುಗಿದ್ದೇ ಹೇಳುತ್ತಿತ್ತು. ಹಸಿರು ಶಾಯಿ.

'ಸಂಪಾದಕರಿಗೆ. ಮೊನ್ನೆಯ ಉತ್ತರದಲ್ಲಿ ವಾಟರ್ ಇಲ್ಲ. ಇಷ್ಟು ಸುಲಭದ ಪದ ಕಾಣದವರು ಈ ಕೆಲಸಕ್ಕೆ ಲಾಯಕ್ಕಲ್ಲ. ಪತ್ರಿಕೆಯ ಮರ್ಯಾದೆ ಹೋಗುತ್ತಿದೆ.'

ಕೆಳಗೆ ನೇರ ಗೆರೆ. ಗೆರೆಯ ಕೆಳಗೆ: 'ಹತ್ತಕ್ಕೆ ಐದು.'

ಅವಳು ಅದನ್ನು ಎರಡು ಸಲ ಓದಿದಳು. 

"ಸಂಪಾದಕರಿಗೆ ಕೊಡಲಾ, ಇಲ್ಲಾ ನೀವೇ ಜವಾಬು ಬರೀತೀರಾ?" ಎಂದು ಟಪಾಲಿನವನು ಕೇಳಿದ. "ಮೇಷ್ಟ್ರು ಯಾವ ಕಾರ್ಡನ್ನೂ ಹಾಗೇ ಬಿಡ್ತಿರಲಿಲ್ಲ."

 ಅವಳು ಒಂದು ಖಾಲಿ ಕಾರ್ಡು ತೆಗೆದು ಮೇಷ್ಟ್ರ ವಿಳಾಸ ಬರೆದಳು. ಕಾರ್ಡು ತಿರುವಿ ಪೆನ್ನು ಊರಿದಳು. ಗಾಳಿಗೆ ಕಾರ್ಡಿನ ಅಂಚು ಏಳುತ್ತಿತ್ತು, ಎಡಗೈಯಲ್ಲಿ ಒತ್ತಿ ಹಿಡಿದರೂ ನಿಲ್ಲುತ್ತಿರಲಿಲ್ಲ. ಅವಳು ಎದ್ದು ಹೋಗಿ ಫ್ಯಾನು ಆರಿಸಿ ಬಂದಳು.