ಹದಿನೇಳನೇ ಪುಟದ ಅಕ್ಕ

"ಪಾಪ ಕಣೇ ಪ್ರಭಾ, ಓದ್ತಾ ಓದ್ತಾ ನಂಗೇ ಅಳು ಬಂದ್ಬಿಡ್ತು," ಎಂದು ಎದುರುಮನೆಯ ಬಸವರಾಜೇಶ್ವರಿ ಗೇಟಿನ ಬಳಿಯೇ ಅವಳ ಕೈ ಹಿಡಿದುಕೊಂಡರು. ಟೆಲಿಫೋನ್ ಎಕ್ಸ್‌ಚೇಂಜಿಗೆ ಡ್ಯೂಟಿಗೆಂದು ಹೊರಟಿದ್ದ ಪ್ರಭಾಗೆ ಏನೂ ತಿಳಿಯಲಿಲ್ಲ. "ಅದೇ, ನಿನ್ ತಮ್ಮ ಬರೆದಿರೋ ಪದ್ಯ. ಹದಿನೇಳನೇ ಪುಟ. ಇಷ್ಟೆಲ್ಲ ನುಂಗ್ಕೊಂಡು ಓಡಾಡ್ತಾ ಇದೀಯಲ್ಲೇ!"

ತಮ್ಮ ಜಗನ್ನಾಥನ ಮೊದಲ ಕವನ ಸಂಕಲನ ಅಚ್ಚಾಗಿ ವಾರವಾಗಿತ್ತು. ಆಗಿನ ರಾಜಾಜಿನಗರದಲ್ಲಿ ಬೀದಿಯ ಹುಡುಗನೊಬ್ಬ ಪುಸ್ತಕ ತಂದನೆಂದರೆ ಮನೆಗೆ ಹೊಸ ಸೊಸೆ ಬಂದ ಹಾಗೆ, ಎಲ್ಲರೂ ಒಂದು ಸಲ ನೋಡಲೇಬೇಕು. ಒಂದು ಮನೆಯ ಕಾಫಿ ಕಲೆ ಹೊತ್ತು ಪುಸ್ತಕ ಇನ್ನೊಂದು ಮನೆಗೆ ದಾಟುತ್ತಿತ್ತು. ಓದಿದವರು ಜಗನ್ನಾಥನನ್ನು ದಾರಿಯಲ್ಲೇ ನಿಲ್ಲಿಸಿ ಅಭಿಪ್ರಾಯ ಹೇಳುತ್ತಿದ್ದರು. ಪ್ರಾಸ ಇಲ್ಲದಿದ್ದರೂ ಪರವಾಗಿಲ್ಲ ಎಂದರು ಮೂಲೆಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ಗೆಳೆಯ ನಾಣಿ ಮಾತ್ರ, "ಅರ್ಥ ಆಗ್ಲಿಲ್ಲ ಗುರು, ಆದ್ರೆ ಏನೋ ಇದೆ," ಎಂದಿದ್ದ.

ಓದದೆ ಉಳಿದಿದ್ದವಳು ಅಕ್ಕ ಒಬ್ಬಳೇ. ಅಮ್ಮ ತೀರಿಕೊಂಡ ಮೇಲೆ ಅಪ್ಪ, ತಮ್ಮನನ್ನು ನೋಡಿಕೊಳ್ಳುತ್ತಾ, ಅಡುಗೆಮನೆ, ಡ್ಯೂಟಿ, ಇವೆರಡರ ನಡುವೆ ಅವಳಿಗೆ ಬಿಡುವಿರಲಿಲ್ಲ. ಆ ದಿನ ಬಸವರಾಜೇಶ್ವರಿಯವರ ಕೈಯಿಂದ ಪುಸ್ತಕ ಇಸಿದುಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆ ಪುಟ ತೆರೆದಳು.

ಪದ್ಯದ ಹೆಸರು 'ಅಕ್ಕ'. ಹೆಣ್ಣು ನೋಡಲು ಬಂದವರು ಎದ್ದು ಹೋಗಿದ್ದಾರೆ. ಅಡುಗೆಮನೆಯ ಬಾಗಿಲು ಮುಚ್ಚಿದೆ. ಒಳಗೆ ತಾಯಿ ಮಗಳು ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕುತ್ತಿದ್ದಾರೆ. ಹೊರಗೆ ತಮ್ಮ ಕೇಳುತ್ತಾ ನಿಂತಿದ್ದಾನೆ.

ಮೆಜೆಸ್ಟಿಕ್ ಬರುವಷ್ಟರಲ್ಲಿ ಪ್ರಭಾಳ ಕಿವಿ ಬಿಸಿಯಾಗಿತ್ತು. ಯಾವ ಸಂಜೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತುಮಕೂರಿನಿಂದ ಬಂದಿದ್ದವರು. ಎರಡು ವರ್ಷದ ಹಿಂದಿನ ಮಾತು.

ಆ ವಾರವೆಲ್ಲ ನಲ್ಲಿಯ ಹತ್ತಿರ ಅವಳು ಬಂದರೆ ಹೆಂಗಸರು ಮಾತು ನಿಲ್ಲಿಸಿ ಜಾಗ ಬಿಟ್ಟುಕೊಟ್ಟರು. ತರಕಾರಿಯವಳು ಕೂಡ ಅವಳನ್ನು ಮೆಲ್ಲಗೆ ಮಾತಾಡಿಸಿದಳು. ಮನೆಯಲ್ಲಿ ತಮ್ಮನಿಗೆ ಅನ್ನ ಬಡಿಸುವಾಗ ನಾಲಿಗೆಯ ತುದಿಗೆ ಬಂದದ್ದನ್ನು ಅವಳು ಪ್ರತಿ ಸಲ ತಡೆದುಕೊಂಡಳು. ಅವನ ಸಂಭ್ರಮ ಕೆಡಿಸಲು ಮನಸ್ಸು ಬರಲಿಲ್ಲ.

ಭಾನುವಾರ ಸಂಜೆ ಅವರ ಮನೆಯ ತಾರಸಿಯ ಮೇಲೆ ಜಮಖಾನೆ ಹಾಸಿ ಓದುಗರು ಸೇರಿದರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಗೋಪೀನಾಥ ಮೇಷ್ಟ್ರು 'ಅಕ್ಕ' ಪದ್ಯವನ್ನು ಎತ್ತಿ ಹಿಡಿದು, "ಈ ಬಿಕ್ಕಳಿಕೆಯಲ್ಲಿ ನಮ್ಮೆಲ್ಲರ ಮನೆಗಳೂ ಇವೆ," ಎಂದರು. ಎಲ್ಲರೂ ತಲೆದೂಗಿದರು. ಕೆಲವರು ಕಾಫಿ ಹಂಚುತ್ತಿದ್ದ ಪ್ರಭಾಳ ಕಡೆ ಕಣ್ಣು ಹಾಯಿಸಿದರು.

ಅವಳು ತಟ್ಟೆಯನ್ನು ಕೆಳಗಿಟ್ಟಳು. "ಸಾರ್, ನಾನೂ ಓದಿದೀನಿ. ಒಂದು ಮಾತು ಹೇಳ್ಲಾ?"

"ಹೇಳಮ್ಮ, ಧಾರಾಳವಾಗಿ."

"ಆವತ್ತು ನಾವು ಅಳ್ಲಿಲ್ಲ. ನಗ್ತಾ ಇದ್ವಿ."

ಎಲ್ಲರೂ ಅವಳತ್ತ ತಿರುಗಿದರು. ಶುರುಮಾಡಿದ ಮೇಲೆ ನಿಲ್ಲಿಸುವ ಹಾಗಿರಲಿಲ್ಲ.

"ಹುಡುಗನ ಸೋದರಮಾವ ಇದ್ರಲ್ಲ, ಬಾಯಿ ಬಿಟ್ರೆ ಬರೀ ವಂಶದ ಮರ್ಯಾದೆ. ಹಾಗೇ ಮಾತಾಡ್ತಾ ಕೇಸರಿಬಾತಿನ ತಟ್ಟೆ ಮೇಲೇ ಕೂತ್ಬಿಟ್ಟಿದಾರೆ. ಬಿಳೀ ಪಂಚೆ! ಎದ್ದು ನಮಸ್ಕಾರ ಮಾಡಿ ಅದೇ ಗತ್ತಿನಲ್ಲಿ ಬೀದೀಲಿ ನಡ್ಕೊಂಡು ಹೋದ್ರು. ಅಮ್ಮ ಕಿಟಕೀಲಿ ನೋಡ್ತಾ ಇದ್ಲು. ನಮ್ಮ ನಗು ಅವರ ಕಿವಿಗೆ ಬೀಳ್ಬಾರ್ದು ಅಂತ ಬಾಗಿಲು ಹಾಕ್ಕೊಂಡ್ವಿ. ಅಮ್ಮ ನಗು ತಡೀಲಾರ್ದೆ ನೆಲದ ಮೇಲೇ ಕೂತ್ಬಿಟ್ಲು, ಕಣ್ಣಲ್ಲೆಲ್ಲ ನೀರು. ಅವರು ಬೇಡ ಅನ್ನೋಕೆ ಮುಂಚೆ ನಾನೇ ಬೇಡಮ್ಮ ಅಂದೆ. ಆಯ್ತು ಬಿಡೇ ಅಂದ್ಲು."

ಮೊದಲು ನಕ್ಕವರು ಬಸವರಾಜೇಶ್ವರಿ. ಆಮೇಲೆ ತಾರಸಿಗೆ ತಾರಸಿಯೇ ನಕ್ಕಿತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪ್ರಭಾ ಮಾತ್ರ ತಮ್ಮನನ್ನೇ ನೋಡುತ್ತಿದ್ದಳು.

"ಪದ್ಯ ಚೆನ್ನಾಗಿದೆ," ಎಂದಳು. "ಆದ್ರೆ ಅದರಲ್ಲಿರೋದು ನಮ್ಮಮ್ಮ ಅಲ್ಲ."

ಎಲ್ಲರೂ ಹೋದ ಮೇಲೆ ಜಗನ್ನಾಥ ಜಮಖಾನೆ ಮಡಚಲು ಬಗ್ಗಿದವನು ಹಾಗೇ ಕೂತುಬಿಟ್ಟ.

"ಬಾಗಿಲು ತಟ್ಟಬೇಕಿತ್ತು ಕಣಕ್ಕಾ. ಅಳ್ತಾ ಇದೀರ ಅಂದ್ಕೊಂಡು ಬಾಗಿಲ ಹೊರಗೇ ನಿಂತ್ಬಿಟ್ಟೆ. ಒಳಗೆ ಬಂದ್ರೆ ನಿಂಗೆ ಅವಮಾನ ಆಗುತ್ತೇನೋ ಅಂತ."

ಅವನು ಒಳಗೆ ಬರದಿದ್ದುದಕ್ಕೆ ಈ ಕಾರಣವೆಂದು ಅವಳಿಗೆ ಗೊತ್ತಿರಲಿಲ್ಲ. ವಾರದಿಂದ ಒಳಗೇ ಕುದಿಯುತ್ತಿದ್ದುದು ತಣ್ಣಗಾಯಿತು.

"ತಟ್ಟಿದ್ರೆ ನಿನ್ನೂ ಕೂರಿಸ್ಕೊಂಡು ನಗ್ತಿದ್ವಲ್ಲೋ, ದಡ್ಡ."

"ಮುಂದಿನ ಸಲ ಅಚ್ಚಾದ್ರೆ ತೆಗೆದುಹಾಕ್ತೀನಿ."

"ಬೇಡ, ಇರ್ಲಿ. ಅದು ನೀನು ಹೊರಗಡೆ ನಿಂತು ಕೇಳಿಸ್ಕೊಂಡಿದ್ದು."

ಅವನು ಜಮಖಾನೆಯ ಅಂಚಿನ ದಾರ ಎಳೆಯುತ್ತಾ ಕೂತ. ಅಮ್ಮ ನಗುತ್ತಿದ್ದಳೇ? ಅವನಿಗೆ ನೆನಪಿದ್ದವಳು ಅಂಗಳ ಗುಡಿಸುವ, ದೇವರ ದೀಪ ಹಚ್ಚುವ, ಕೊನೆಗೆ ಹಾಸಿಗೆ ಹಿಡಿದ ಅಮ್ಮ.

"ನೆಲದ ಮೇಲೆ ಕೂತ್ಲು ಅಂದ್ಯಲ್ಲ," ಎಂದ. "ಆಮೇಲೆ? ಮೊದಲಿಂದ ಹೇಳು."

ಪ್ರಭಾ ಕಾಲು ಮಡಚಿ ಅವನ ಪಕ್ಕ ಕೂತಳು. ಮಾಗಡಿ ರಸ್ತೆಯ ಕಡೆ ಬೀದಿದೀಪಗಳು ಹತ್ತಿಕೊಳ್ಳುತ್ತಿದ್ದವು. ಕೆಳಗಿನಿಂದ ಅಪ್ಪ ಊಟಕ್ಕೆ ಕರೆದರು. ಇಬ್ಬರೂ ಜಮಖಾನೆ ಬಿಟ್ಟು ಏಳಲಿಲ್ಲ. ಸ್ವಲ್ಪ ಹೊತ್ತು ನೋಡಿ ಅವರೇ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದರು. ಮಗಳು ಹೇಳುತ್ತಿದ್ದುದು ಕಿವಿಗೆ ಬಿದ್ದು, ಜಮಖಾನೆಯ ಇನ್ನೊಂದು ತುದಿಯಲ್ಲಿ ಕೂತುಕೊಂಡರು.